ತಕರಾರಿನ ಪ್ರತಿ ಕೊಡದೆ ಮಧ್ಯಂತರ ಅರ್ಜಿ ವಜಾ ಆಗಿದೆ: ಎಲ್ಲಿ, ಯಾವ ಆಧಾರದ ಮೇಲೆ ಪ್ರಶ್ನಿಸಬೇಕು?

ಹೊಲದ ಬದು (ಬೀದರ್ ಜಿಲ್ಲೆ) ಅವರ ಪ್ರಶ್ನೆ:

ಎಲ್ಲರಿಗೂ ಶರಣು. ನಮ್ಮ ತಾಯಿಯವರು ಬೀದರ್ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಹಕ್ಕು ಘೋಷಣೆ ಮತ್ತು ಶಾಶ್ವತ ತಡೆಯಾಜ್ಞೆ ಕೋರಿ ದಾವೆ ಹೂಡಿದ್ದಾರೆ. ಪಕ್ಕದ ಹೊಲದವರು ಬದು ಒಡೆದು ನಮ್ಮ ಕಡೆಗೆ ಸುಮಾರು 12 ಗುಂಟೆ ಒತ್ತಿ ಬಂದಿದ್ದಾರೆ ಎಂಬುದು ನಮ್ಮ ವಾದ. ಬದು ಮೊದಲಿನಿಂದಲೂ ಅಲ್ಲೇ ಇತ್ತು ಎಂಬುದು ಅವರ ವಾದ. ಎರಡೂ ಸರ್ವೇ ನಂಬರುಗಳನ್ನು ಅಳೆಯದೆ ಇದು ಬಗೆಹರಿಯುವಂತಿಲ್ಲವಾದ್ದರಿಂದ, ಸ್ಥಳ ಅಳೆದು ನ್ಯಾಯಾಲಯಕ್ಕೆ ವರದಿ ಕೊಡಲು ಸರ್ವೇಯರ್ ಒಬ್ಬರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26 (ಸಂಹಿತೆಯಲ್ಲಿ ‘ಆದೇಶ’ ಎಂದರೆ ಅಧ್ಯಾಯವಿದ್ದಂತೆ), ನಿಯಮ 9ರ ಅಡಿಯಲ್ಲಿ ಮಧ್ಯಂತರ ಅರ್ಜಿ (ದಾವೆ ನಡೆಯುತ್ತಿರುವಾಗಲೇ ಹಾಕುವ ಅರ್ಜಿ) ಹಾಕಿದ್ದೆವು.

ತಕರಾರು ಸಲ್ಲಿಸಲು ಪ್ರತಿವಾದಿಗಳು ಮತ್ತೆ ಮತ್ತೆ ಸಮಯ ಪಡೆದರು. ಕೊನೆಗೆ ಅರ್ಜಿಯ ಮೇಲಿನ ವಾದಕ್ಕೆಂದು ಇಟ್ಟಿದ್ದ ದಿನ ಬೆಳಗಿನ ಕರೆಯಲ್ಲಿ ನಮ್ಮ ವಕೀಲರು ಹಾಜರಿದ್ದರು, ಪ್ರಕರಣವನ್ನು ಮಧ್ಯಾಹ್ನಕ್ಕೆ ಇಡಲಾಯಿತು. ಮಧ್ಯಾಹ್ನ ಮತ್ತೆ ಕೂಗಿದಾಗ ಅವರು ಅದೇ ಆವರಣದ ಇನ್ನೊಂದು ನ್ಯಾಯಾಲಯದಲ್ಲಿ ಪಾಟೀ ಸವಾಲಿನಲ್ಲಿ (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದರಲ್ಲಿ) ತೊಡಗಿದ್ದರು. ಆ ಹೊತ್ತಿಗೆ ಪ್ರತಿವಾದಿಗಳು ತಕರಾರು ಸಲ್ಲಿಸಿ, ತಾವೇ ಮಾಡಿಸಿಕೊಂಡ ಹದ್ದುಬಸ್ತು ನಕ್ಷೆಯೊಂದನ್ನು (ಅಳತೆ ಮಾಡಿ ಗಡಿ ಗುರುತಿಸಿದ ನಕ್ಷೆ) ಅದಕ್ಕೆ ಲಗತ್ತಿಸಿದ್ದಾರೆ. ಅದರ ಪ್ರತಿ ನಮಗೆ ಸಿಕ್ಕಿಲ್ಲ. ಸಂಜೆಗೆ ಆದೇಶವೂ ಆಯಿತು: ನಕ್ಷೆಯಲ್ಲಿ ಗಡಿ ಸ್ಪಷ್ಟವಾಗಿ ಕಾಣುವುದರಿಂದ ಕಮಿಷನರ್ ನೇಮಕದ ಅಗತ್ಯವಿಲ್ಲ, ಅರ್ಜಿ ವಜಾ.

ನಮ್ಮ ಮಾತನ್ನು ಕೇಳದೆ, ನಾವು ನೋಡದ ಕಾಗದವನ್ನು ನಂಬಿ ಮಾಡಿದ ಈ ಆದೇಶ ಸಹಜ ನ್ಯಾಯಕ್ಕೆ ವಿರುದ್ಧವಲ್ಲವೇ? ಊರಿನ ಹಿರಿಯರು ನೇರವಾಗಿ ಕಲಬುರಗಿ ಹೈಕೋರ್ಟಿಗೆ ಹೋಗಿ ಎನ್ನುತ್ತಿದ್ದಾರೆ. ನಮ್ಮ ವಕೀಲರು ಮೇಲ್ಮನವಿ ಬರುವುದಿಲ್ಲ, ನೋಡೋಣ ಎಂದಷ್ಟೇ ಹೇಳುತ್ತಾರೆ. ನ್ಯಾಯಾಧೀಶರು ಪಕ್ಷಪಾತ ಮಾಡಿದ್ದಾರೆಂದು ಬರೆಯಬಹುದೇ? ಹೈಕೋರ್ಟಿನ ಖರ್ಚು ಭರಿಸುವ ಸ್ಥಿತಿಯಲ್ಲಿ ನಾವಿಲ್ಲ. ದಯವಿಟ್ಟು ತಿಳಿದವರು ದಾರಿ ತೋರಿಸಬೇಕು.

ಕಲಬುರಗಿ ವಕೀಲ ಅವರ ಉತ್ತರ:

ನಿಮ್ಮ ಬರಹದಲ್ಲಿ ಎರಡು ದೂರುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ವಕೀಲರಿಲ್ಲದಾಗ ಪ್ರಕರಣ ನಡೆಯಿತು ಎಂಬುದು ಒಂದು, ಪ್ರತಿ ಕೊಡದ ದಾಖಲೆಯ ಮೇಲೆ ಆದೇಶ ನಿಂತಿದೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಗಟ್ಟಿಯಾದದ್ದೂ ಸೊರಗುತ್ತದೆ.

ಮೊದಲನೆಯದು ದುರ್ಬಲ. ವಕೀಲರ ತಪ್ಪಿಗೆ ಏನೂ ಅರಿಯದ ಕಕ್ಷಿದಾರನನ್ನು ಶಿಕ್ಷಿಸಬಾರದು ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಹೇಳಿದ್ದು ನಿಜ. ಆದರೆ ಎಲ್ಲ ಹೊಣೆಯನ್ನೂ ವಕೀಲರ ಹೆಗಲಿಗೆ ಹಾಕಿ ಕಕ್ಷಿದಾರ ಸುಮ್ಮನಿರುವಂತಿಲ್ಲ ಎಂಬ ಮಾತು 1993ರ ಸಲಿಲ್ ದತ್ತಾ ಪ್ರಕರಣದಲ್ಲಿ ಬಂದಿದೆ. ಪಕ್ಕದ ಕೋರ್ಟಿನಲ್ಲಿದ್ದೆ ಎಂಬ ಸಮಜಾಯಿಷಿಯನ್ನು ನ್ಯಾಯಾಲಯಗಳು ದಿನವೂ ಕೇಳುತ್ತವೆ, ಅದಕ್ಕೆ ಹೆಚ್ಚು ತೂಕವೂ ಉಳಿದಿಲ್ಲ. ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬೇಕು. ಹಾಗಿದ್ದರೂ ಒಂದು ಅಂಶವನ್ನು ಬಿಡಬೇಡಿ: ಅರ್ಜಿದಾರರು ಗೈರಾದಾಗ ಗೈರುಹಾಜರಿಗಾಗಿ ವಜಾ ಮಾಡುವುದು ಬೇರೆ, ಅವರಿಲ್ಲದೆ ಗುಣಾವಗುಣದ ಮೇಲೆ, ಅಂದರೆ ಅರ್ಜಿಯಲ್ಲಿ ಹುರುಳಿದೆಯೇ ಎಂದು ನೋಡಿ, ತೀರ್ಮಾನಿಸುವುದು ಬೇರೆ. ಮೇಲ್ಮನವಿದಾರರು ಗೈರಾದಾಗ ಮೇಲ್ಮನವಿಯನ್ನು ಗುಣಾವಗುಣದ ಮೇಲೆ ವಜಾ ಮಾಡುವಂತಿಲ್ಲ ಎಂದು ಆದೇಶ 41, ನಿಯಮ 17ರ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಮಧ್ಯಂತರ ಅರ್ಜಿಗೆ ಆ ನಿಯಮ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕವನ್ನು ಹೋಲಿಕೆಗಾಗಿ ತೋರಿಸಬಹುದು.

ನಿಮ್ಮ ನಿಜವಾದ ಬಲವಿರುವುದು ಎರಡನೆಯ ದೂರಿನಲ್ಲಿ. ಎದುರಾಳಿ ಹಾಜರುಪಡಿಸಿದ ಕಾಗದವನ್ನು ನೋಡಿ ಉತ್ತರಿಸುವ ಅವಕಾಶ ಇನ್ನೊಂದು ಪಕ್ಷಕ್ಕೆ ಸಿಗಲೇಬೇಕು. ಸಂಗ್ರಾಮ್ ಸಿಂಗ್ ಪ್ರಕರಣದಲ್ಲಿ 1955ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್, ಪ್ರಕ್ರಿಯಾ ಸಂಹಿತೆ ಇರುವುದು ನ್ಯಾಯದಾನಕ್ಕೆ ನೆರವಾಗಲೇ ಹೊರತು ಜನರನ್ನು ಎಡವಿಸಿ ಬೀಳಿಸಲು ಅಲ್ಲ ಎಂಬರ್ಥದ ಮಾತನ್ನು ಹೇಳಿದೆ. ನಿಮ್ಮಲ್ಲಿ ಆ ನಕ್ಷೆ ಬರಿಯ ಲಗತ್ತಾಗಿ ಉಳಿದಿಲ್ಲ, ಆದೇಶಕ್ಕೆ ಕೊಟ್ಟ ಏಕೈಕ ಕಾರಣವೇ ಅದು. ಇದು ಓದಿದ ಕೂಡಲೇ ಕಣ್ಣಿಗೆ ರಾಚುವ ದೋಷ.

ಆದರೆ ಇಷ್ಟಕ್ಕೇ ಗೆದ್ದೆವೆಂದುಕೊಳ್ಳಬೇಡಿ. ಸಹಜ ನ್ಯಾಯವನ್ನು ಮೀರಿದ್ದೇ ಒಂದು ಅನ್ಯಾಯ, ಬೇರೆ ನಷ್ಟವನ್ನು ತೋರಿಸಬೇಕಾಗಿಲ್ಲ ಎಂದು 1980ರ ಎಸ್.ಎಲ್. ಕಪೂರ್ ವಿರುದ್ಧ ಜಗಮೋಹನ್ ತೀರ್ಪು ಹೇಳಿತ್ತು. ಬರಬರುತ್ತ ನಿಲುವು ಬದಲಾಗಿದೆ. 1996ರ ಸ್ಟೇಟ್ ಬ್ಯಾಂಕ್ ಆಫ್ ಪಟಿಯಾಲ ಪ್ರಕರಣದಿಂದ 2020ರ ಸುಧೀರ್ ಕುಮಾರ್ ಸಿಂಗ್ ಪ್ರಕರಣದವರೆಗೆ, ಆ ಲೋಪದಿಂದ ನಿಮಗೆ ನಿಜವಾಗಿ ಆದ ಬಾಧೆ ಏನು ಎಂಬ ಪ್ರಶ್ನೆ ಮುಂದೆ ಬಂದಿದೆ. ಇವೆಲ್ಲ ಆಡಳಿತ ಪ್ರಾಧಿಕಾರಗಳ ಕ್ರಮಗಳ ಕುರಿತ ತೀರ್ಪುಗಳಾದರೂ ಹೈಕೋರ್ಟಿನ ಪೀಠದಿಂದ ನಿಮ್ಮ ವಕೀಲರಿಗೆ ಬರುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ: ಪ್ರತಿ ಸಿಕ್ಕಿದ್ದರೆ ಏನು ಹೇಳುತ್ತಿದ್ದಿರಿ? ಅದಕ್ಕೆ ಖಚಿತ ಉತ್ತರವಿಲ್ಲದಿದ್ದರೆ, ಸಹಜ ನ್ಯಾಯದ ಹೆಸರನ್ನು ಹತ್ತು ಸಲ ಬರೆದರೂ ಅರ್ಜಿ ನಿಲ್ಲುವುದಿಲ್ಲ.

ಇನ್ನು ಎಲ್ಲಿಗೆ ಹೋಗಬೇಕೆಂಬುದು. ಕಮಿಷನರ್ ನೇಮಕವನ್ನು ನಿರಾಕರಿಸಿದ ಆದೇಶ, ಸಂಹಿತೆಯ ಆದೇಶ 43ರಲ್ಲಿರುವ ಮೇಲ್ಮನವಿಗೆ ಅವಕಾಶವುಳ್ಳ ಆದೇಶಗಳ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ನಿಮ್ಮ ವಕೀಲರು ಹೇಳಿದಂತೆ ಮೇಲ್ಮನವಿ ಬರುವುದಿಲ್ಲ. ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ವಜಾ ಆಗಿದ್ದರೆ ಮಾತು ಬೇರೆಯಿತ್ತು. ಸಂಹಿತೆಯ ಕಲಂ 115ರ ರಿವಿಜನ್ (ಕೆಳಗಿನ ನ್ಯಾಯಾಲಯದ ಆದೇಶವನ್ನು ಹೈಕೋರ್ಟ್ ಪರಿಷ್ಕರಿಸುವುದು) ದಾರಿಯೂ ಮುಚ್ಚಿದೆ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆದೇಶ ನಿಮ್ಮ ಪರವಾಗಿ ಆಗಿದ್ದರೆ ದಾವೆಯೇ ಮುಗಿದುಹೋಗುತ್ತಿತ್ತು ಎನ್ನುವಂತಿದ್ದಾಗ ಮಾತ್ರ ರಿವಿಜನ್ ನಡೆಯುತ್ತದೆ, ಕಮಿಷನರ್ ನೇಮಕದಿಂದ ದಾವೆ ಮುಗಿಯುವುದಿಲ್ಲ. ಉಳಿದದ್ದು ಎರಡು: ಅದೇ ನ್ಯಾಯಾಲಯದಲ್ಲಿ ಆದೇಶವನ್ನು ಹಿಂಪಡೆಯುವಂತೆ ಕೋರುವುದು, ಇಲ್ಲವೇ ಕೆಳಗಿನ ನ್ಯಾಯಾಲಯಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರ ಕೊಡುವ ಸಂವಿಧಾನದ 227ನೇ ವಿಧಿಯಡಿ ಅಲ್ಲಿಗೆ ಹೋಗುವುದು. ಅಂದಹಾಗೆ ಹೈಕೋರ್ಟಿನ ರಿಟ್ ಅಧಿಕಾರದ 226ನೇ ವಿಧಿಯನ್ನು ಜೊತೆಗೆ ಸೇರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಸಿವಿಲ್ ನ್ಯಾಯಾಲಯದ ನ್ಯಾಯಿಕ ಆದೇಶಕ್ಕೆ ಆ ವಿಧಿ ಅನ್ವಯಿಸದು ಎಂದು 2015ರಲ್ಲಿ ರಾಧೇಶ್ಯಾಮ್ ವಿರುದ್ಧ ಛಬಿನಾಥ್ ತೀರ್ಪು ಇತ್ಯರ್ಥಪಡಿಸಿದೆ.

ನನ್ನ ಸಲಹೆ ಮೊದಲು ಅದೇ ನ್ಯಾಯಾಲಯಕ್ಕೆ ಹೋಗಬೇಕೆಂಬುದು. ತೀರ್ಮಾನ ತಪ್ಪಾಗಿದೆ ಎಂದು ಪುನರಾವಲೋಕನ ಕೇಳುವುದಕ್ಕೂ, ತೀರ್ಮಾನಕ್ಕೆ ಬಂದ ವಿಧಾನದಲ್ಲೇ ಲೋಪವಿದೆ ಎಂದು ಕೇಳುವುದಕ್ಕೂ ವ್ಯತ್ಯಾಸವಿದೆ ಎಂದು ಸುಪ್ರೀಂ ಕೋರ್ಟ್ 1980ರ ಗ್ರಿಂಡ್ಲೇಸ್ ಬ್ಯಾಂಕ್ ಪ್ರಕರಣದಲ್ಲಿ ಗುರುತಿಸಿ, 2005ರ ಕಪ್ರಾ ಮಜ್ದೂರ್ ಏಕತಾ ಯೂನಿಯನ್ ಪ್ರಕರಣದಲ್ಲಿ ಅದನ್ನು ಬಿಡಿಸಿ ಹೇಳಿದೆ. ಎರಡನೆಯ ಬಗೆಯಲ್ಲಿ ಆದೇಶ ಸರಿಯೋ ತಪ್ಪೋ ಎಂಬ ಚರ್ಚೆಯೇ ಬೇಡ, ಅರ್ಜಿಯನ್ನು ಮತ್ತೆ ವಿಚಾರಣೆಗೆ ಇಟ್ಟರೆ ಸಾಕು. ಸಂಹಿತೆಯ ಕಲಂ 114, ಆದೇಶ 47 ನಿಯಮ 1 (ಪುನರಾವಲೋಕನ) ಹಾಗೂ ಕಲಂ 151ರ (ನ್ಯಾಯಾಲಯದ ಅಂತರ್ಗತ ಅಧಿಕಾರ) ಅಡಿಯಲ್ಲಿ ಅರ್ಜಿ ಬರೆಯಿಸಿ. ಪುನರಾವಲೋಕನಕ್ಕೆ ಆದೇಶದ ದಿನದಿಂದ 30 ದಿನಗಳ ಕಾಲಮಿತಿ ಇರುವುದರಿಂದ ತಡ ಮಾಡುವಂತಿಲ್ಲ.

ಪಕ್ಷಪಾತದ ಮಾತನ್ನು ಮಾತ್ರ ಖಂಡಿತ ಬರೆಯಬೇಡಿ. ಅವಕಾಶ ಸಿಗಲಿಲ್ಲ ಎಂಬುದನ್ನು ಕಡತವೇ ಸಾಬೀತುಪಡಿಸುತ್ತದೆ. ಪಕ್ಷಪಾತಕ್ಕೆ ನಿಮ್ಮ ಬಳಿ ಯಾವ ಆಧಾರವೂ ಇಲ್ಲ.

ನಿವೃತ್ತ ಶಿರಸ್ತೇದಾರ ಅವರ ಉತ್ತರ:

ವಕೀಲ ಸಾಹೇಬರು ಕಾನೂನು ಹೇಳಿದ್ದಾರೆ, ನಾನು ಕಡತದ ಬಗ್ಗೆ ಎರಡು ಮಾತು ಹೇಳುತ್ತೇನೆ. ಇಂಥ ಅರ್ಜಿಗಳ ಹಣೆಬರಹ ಆರ್ಡರ್ ಶೀಟಿನ (ಪ್ರಕರಣದಲ್ಲಿ ಪ್ರತಿ ದಿನ ನಡೆದದ್ದನ್ನು ಬರೆದಿಡುವ ಹಾಳೆ) ಆ ದಿನದ ನಾಲ್ಕಾರು ಸಾಲುಗಳಲ್ಲಿರುತ್ತದೆ. ಆದೇಶ, ಆ ದಿನದ ಆರ್ಡರ್ ಶೀಟು, ತಕರಾರು, ನಕ್ಷೆ, ಈ ನಾಲ್ಕರ ದೃಢೀಕೃತ ನಕಲಿಗೆ ಇಂದೇ ಅರ್ಜಿ ಹಾಕಿ. ಆದೇಶದ ನಕಲು ತಯಾರಾಗಲು ಹಿಡಿದ ಸಮಯವನ್ನು ಕಾಲಮಿತಿ ಅಧಿನಿಯಮದ ಕಲಂ 12ರಂತೆ ಕಳೆಯಲಾಗುತ್ತದೆ, ಆದರೆ ನಕಲು ಸಿದ್ಧವಾದ ಮೇಲೆ ನೀವು ಒಯ್ಯದೆ ಬಿಟ್ಟ ದಿನಗಳು ನಿಮ್ಮ ಲೆಕ್ಕಕ್ಕೇ ಸೇರುತ್ತವೆ. ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಾಣುವ ಪ್ರತಿ ತಿಳಿದುಕೊಳ್ಳಲು ಸಾಕು, ಹೈಕೋರ್ಟಿಗೆ ಸಲ್ಲಿಸಲು ಸಾಲದು.

ನಕಲು ಕೈಗೆ ಬಂದ ಮೇಲೆ ತಕರಾರಿನ ಮೊದಲ ಹಾಳೆಯ ಅಂಚನ್ನು ನೋಡಿ. ನಿಮ್ಮ ಕಡೆಯ ವಕೀಲರು ಪ್ರತಿ ಪಡೆದಿದ್ದರೆ ಅಲ್ಲಿ ‘ಪ್ರತಿ ತಲುಪಿದೆ’ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿರುತ್ತಾರೆ. ಆ ಅಂಚು ಖಾಲಿಯಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಬೇಕಿಲ್ಲ. ಸಹಿ ಇದ್ದರೆ, ಅದು ನಿಮ್ಮ ವಕೀಲರದ್ದೋ ಅವರ ಕಚೇರಿಯ ಕಿರಿಯರದ್ದೋ ಎಂದು ಮೊದಲು ಅವರನ್ನೇ ಕೇಳಿ. ಅದನ್ನು ಕೇಳದೆ ಪ್ರಮಾಣಪತ್ರಕ್ಕೆ ತಾಯಿಯವರ ಹೆಬ್ಬೆಟ್ಟು ಒತ್ತಿಸಬೇಡಿ. ತಕರಾರಿನ ಮೇಲಿನ ಸ್ವೀಕೃತಿ ಮುದ್ರೆಯ ತಾರೀಖು ಮತ್ತು ಆದೇಶದ ತಾರೀಖು ಒಂದೇ ಆಗಿದೆಯೇ ಎಂಬುದನ್ನೂ ನೋಡಿ. ಬೆಳಗಿನ ಕರೆಯಲ್ಲಿ ನಿಮ್ಮ ವಕೀಲರು ಹಾಜರಿದ್ದದ್ದು ದಾಖಲಾಗಿದ್ದರೆ, ಆ ದಿನವಿಡೀ ಗೈರಾಗಿದ್ದರು ಎಂದು ಯಾರೂ ಹೇಳುವಂತಿಲ್ಲ.

ಖರ್ಚಿನ ಬಗ್ಗೆ ಕೇಳಿದ್ದೀರಿ. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹತೆ ಇದೆ. ದಾವೆ ತಾಯಿಯವರ ಹೆಸರಿನಲ್ಲಿರುವುದರಿಂದ ತಾಲ್ಲೂಕು ಮಟ್ಟದ ಸಮಿತಿಯಿಂದ ಹೈಕೋರ್ಟಿನ ಸಮಿತಿಯವರೆಗೆ ಎಲ್ಲಿ ಬೇಕಾದರೂ ಅವರೇ ಅರ್ಜಿ ಹಾಕಬಹುದು. ಕಲಬುರಗಿಯಲ್ಲಿ ಸಂಚಾರಿ ಪೀಠ 2008ರ ಜುಲೈನಲ್ಲಿ ಬಂದು 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಇಷ್ಟು ಸಣ್ಣ ಆದೇಶವನ್ನು ಪ್ರಶ್ನಿಸಲು ಬೀದರಿನ ರೈತರು ಬೆಂಗಳೂರಿನ ಬಸ್ಸು ಹತ್ತಬೇಕಿತ್ತು, ಹೆಚ್ಚಿನವರು ಹತ್ತುತ್ತಲೇ ಇರಲಿಲ್ಲ.

ಯಾದಗಿರಿ ನ್ಯಾಯವಾದಿ ಅವರ ಉತ್ತರ:

ಕಲಬುರಗಿಯ ಮಿತ್ರರ ವಿವರಣೆಗೆ ಎದುರಾಡುವುದಿಲ್ಲ, ಅವರ ಸಲಹೆಗೆ ಮಾತ್ರ ನನ್ನ ಸಹಮತವಿಲ್ಲ. ವಿಚಾರಣೆ ಯಾವ ಹಂತದಲ್ಲಿದೆ ಎಂದು ಪ್ರಶ್ನೆ ಕೇಳಿದವರು ಹೇಳಿಲ್ಲ. ಸಾಕ್ಷ್ಯ ಇನ್ನೂ ಆರಂಭವಾಗಿರದಿದ್ದರೆ, ಆದೇಶ ರದ್ದಾಗಿ ಅರ್ಜಿ ಮತ್ತೆ ವಿಚಾರಣೆಗೆ ಬಂದರೂ, ಸಾಕ್ಷ್ಯ ಸಂಗ್ರಹಿಸಿಕೊಡುವುದಕ್ಕಾಗಿ ಕಮಿಷನರ್ ನೇಮಿಸಲಾಗದು, ಅರ್ಜಿ ಅಕಾಲಿಕ ಎಂಬ ಬೇರೆ ಕಾರಣಕ್ಕೆ ಮತ್ತೆ ವಜಾ ಆಗಬಹುದು. ಆಗ ಕಾರ್ಯವಿಧಾನವೂ ಸರಿಯಾಗಿರುತ್ತದೆ, ಕಾರಣವೂ ಇರುತ್ತದೆ, ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನಾನಾಗಿದ್ದರೆ ತಾಯಿಯವರ ಸಾಕ್ಷ್ಯ ಮುಗಿಸಿ, ಆ ನಕ್ಷೆ ತಯಾರಿಸಿದ ಸರ್ವೇಯರನ್ನು ಪ್ರತಿವಾದಿಗಳು ಸಾಕ್ಷಿಯಾಗಿ ಕರೆತಂದಾಗ ಪಾಟೀ ಸವಾಲು ಮಾಡಿ, ಎರಡು ಅಳತೆಗಳ ನಡುವಿನ ತಾಳೆಯಿಲ್ಲದಿಕೆ ಕಡತಕ್ಕೆ ಬಂದ ಮೇಲೆ ಹೊಸದಾಗಿ ಅರ್ಜಿ ಹಾಕುತ್ತಿದ್ದೆ. ಹಕ್ಕನ್ನು ಅಂತಿಮವಾಗಿ ನಿರ್ಣಯಿಸದ ಇಂಥ ಮಧ್ಯಂತರ ಆದೇಶದ ನಂತರ ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ ಎಂದು 1964ರ ಅರ್ಜುನ್ ಸಿಂಗ್ ವಿರುದ್ಧ ಮೊಹಿಂದರ್ ಕುಮಾರ್ ತೀರ್ಪಿನಿಂದಲೇ ಹೊರಡುತ್ತದೆ. ಏನೂ ಬದಲಾಗದೆ ಅದೇ ಅರ್ಜಿಯನ್ನು ಮತ್ತೆ ಹಾಕಿದರೆ ಮಾತ್ರ ಪ್ರಕ್ರಿಯೆಯ ದುರುಪಯೋಗ ಎನಿಸಿಕೊಳ್ಳುತ್ತದೆ. ಕೊನೆಗೆ ದಾವೆಯೇ ವಿರುದ್ಧವಾಗಿ ಮುಗಿದರೂ, ಕಲಂ 105ರಂತೆ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಈ ಆದೇಶದ ದೋಷವನ್ನು ಒಂದು ಆಧಾರವಾಗಿ ಎತ್ತಬಹುದು. ಹೈಕೋರ್ಟಿನ 227ನೇ ವಿಧಿಯ ಅಧಿಕಾರ ಮೇಲ್ವಿಚಾರಣೆಯದು, ಮೇಲ್ಮನವಿಯದಲ್ಲ. 2010ರ ಶಾಲಿನಿ ಶ್ಯಾಮ್ ಶೆಟ್ಟಿ ತೀರ್ಪಿನಲ್ಲಿ ಅದನ್ನು ಎಷ್ಟು ಮಿತವಾಗಿ ಬಳಸಬೇಕೆಂದು ವಿಸ್ತಾರವಾಗಿ ಹೇಳಲಾಗಿದೆ.

ನನಗೂ ಚಿಂತೆ ಹುಟ್ಟಿಸುವ ಸಂಗತಿ ಒಂದಿದೆ. ಗಡಿ ಸ್ಪಷ್ಟವಾಗಿದೆ ಎಂದು ಆದೇಶದಲ್ಲಿ ಬರೆದದ್ದು ದಾವೆಯ ಮುಖ್ಯ ವಿವಾದಾಂಶಕ್ಕೇ ಕೈ ಹಾಕಿದಂತಾಗಿದೆ. ಮಧ್ಯಂತರ ಆದೇಶದ ಅಭಿಪ್ರಾಯ ಅಂತಿಮ ತೀರ್ಪನ್ನು ಕಟ್ಟಿಹಾಕುವುದಿಲ್ಲವೆಂಬುದು ಸರಿ, ಆದರೂ ಅದು ಕಡತದಲ್ಲಿ ಹಾಗೆಯೇ ಕೂತಿರುವುದು ಒಳ್ಳೆಯದಲ್ಲ.

ಹೊಲದ ಬದು ಅವರ ಮರುಬರಹ:

ಹಿರಿಯರೆಲ್ಲರಿಗೂ ಋಣಿ. ನಕಲುಗಳು ದೊರೆತಿವೆ, ಕಾಲಮಿತಿ ಇನ್ನೂ ಮೀರಿಲ್ಲ. ತಕರಾರಿನ ಅಂಚು ಖಾಲಿಯಿದೆ. ಸ್ವೀಕೃತಿ ಮುದ್ರೆಯೂ ಆದೇಶವೂ ಒಂದೇ ತಾರೀಖಿನವು. ಬೆಳಗಿನ ಹಾಜರಿ ದಾಖಲಾಗಿದೆ. ಆದರೆ ಮಧ್ಯಾಹ್ನದ ಸಾಲಿನಲ್ಲಿ ‘ಉಭಯ ಪಕ್ಷಗಳ ವಾದ ಆಲಿಸಲಾಯಿತು, ಆದೇಶಕ್ಕೆ’ ಎಂದಿದೆ. ನಮ್ಮ ವಕೀಲರು ಅಲ್ಲಿರಲೇ ಇಲ್ಲ! ಸಾಕ್ಷ್ಯ ಇನ್ನೂ ಆರಂಭವಾಗಿಲ್ಲ, ಮುಂದಿನ ಮುದ್ದತು ತಾಯಿಯವರ ಮುಖ್ಯ ವಿಚಾರಣೆಗೆ (ಅವರ ಸ್ವಂತ ಹೇಳಿಕೆಗೆ) ಇದೆ.

ನಕ್ಷೆಯನ್ನು ಈಗಷ್ಟೇ ನೋಡಿದೆವು. ಅಳತೆಗೆ ಮುನ್ನ ಅಕ್ಕಪಕ್ಕದ ಹಿಡುವಳಿದಾರರಿಗೆ ಕೊಡಬೇಕಾದ ನೋಟಿಸು ನಮಗೆ ಬಂದಿಲ್ಲ, ಪಂಚನಾಮೆಯಲ್ಲಿ ತಾಯಿಯವರ ಹೆಸರೂ ಇಲ್ಲ. ಮೇಲಾಗಿ ಸರ್ವೇಯರ್ ಅಳತೆ ಹಿಡಿದಿರುವುದು ಈಗಿನ ಬದುವಿನಿಂದ. ನಿಜಾಮರ ಕಾಲದ ಉರ್ದು ದಾಖಲೆಯಲ್ಲಿ ತೋರಿಸಿದ ಬಾಂದುಕಲ್ಲು ಅಲ್ಲಿಂದ ಪೂರ್ವಕ್ಕೆ, ಹಳ್ಳದ ದಂಡೆಯ ಬೇವಿನ ಮರದ ಬುಡದಲ್ಲಿ, ಅರ್ಧ ಮಣ್ಣಿನಲ್ಲಿ ಹೂತು ಇಂದಿಗೂ ಇದೆ.

ಕಲಬುರಗಿ ವಕೀಲ ಅವರ ಉತ್ತರ:

ನಿಮ್ಮ ಬಾಧೆ ಏನೆಂಬುದಕ್ಕೆ ಉತ್ತರ ನೀವೇ ಬರೆದುಬಿಟ್ಟಿದ್ದೀರಿ. ನೋಟಿಸು ಇಲ್ಲದ ಅಳತೆ, ವಿವಾದಿತ ಬದುವನ್ನೇ ಆಧಾರ ರೇಖೆಯಾಗಿ ಹಿಡಿದದ್ದು, ಬಾಂದುಕಲ್ಲನ್ನು ಕಡೆಗಣಿಸಿದ್ದು: ಈ ಮೂರನ್ನೂ ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಿ, ಉರ್ದು ದಾಖಲೆಯ ನಕಲನ್ನು ಕನ್ನಡ ಅನುವಾದದ ಜೊತೆ ಲಗತ್ತಿಸಿ. ಪ್ರತಿ ಸಿಕ್ಕಿದ್ದರೆ ಆ ನಕ್ಷೆ ಅಂದೇ ಪ್ರಶ್ನೆಗೊಳಗಾಗುತ್ತಿತ್ತು ಎಂಬುದು ಆಗ ತಾನಾಗಿ ಕಾಣುತ್ತದೆ.

ಉಭಯ ಪಕ್ಷಗಳ ವಾದ ಆಲಿಸಲಾಯಿತು ಎಂಬ ಆ ಸಾಲಿನಿಂದಾಗಿ ಅದೇ ನ್ಯಾಯಾಲಯಕ್ಕೆ ಮೊದಲು ಹೋಗುವುದು ಈಗ ಅನಿವಾರ್ಯವಾಗಿದೆ. ನ್ಯಾಯಾಲಯದಲ್ಲಿ ಏನು ನಡೆಯಿತೆಂದು ನ್ಯಾಯಾಧೀಶರು ದಾಖಲಿಸಿದ್ದೇ ಅಂತಿಮ, ಮೇಲಿನ ನ್ಯಾಯಾಲಯದಲ್ಲಿ ಪ್ರಮಾಣಪತ್ರ ಹಾಕಿ ಅದನ್ನು ಅಲ್ಲಗಳೆಯುವಂತಿಲ್ಲ. ತಪ್ಪಾಗಿ ದಾಖಲಾಗಿದೆ ಎನ್ನುವವರು ವಿಷಯ ನೆನಪಿನಲ್ಲಿ ಹಸಿಯಾಗಿರುವಾಗಲೇ ಅದೇ ನ್ಯಾಯಾಧೀಶರ ಗಮನಕ್ಕೆ ತರಬೇಕು. ಇದು 1982ರ ಮಹಾರಾಷ್ಟ್ರ ಸರ್ಕಾರ ವಿರುದ್ಧ ರಾಮದಾಸ್ ಶ್ರೀನಿವಾಸ್ ನಾಯಕ್ ತೀರ್ಪು. ನೇರವಾಗಿ ಹೈಕೋರ್ಟಿಗೆ ಹೋದರೆ ಆ ಒಂದು ಸಾಲನ್ನು ತೋರಿಸಿ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಪಕ್ಕದ ನ್ಯಾಯಾಲಯದಲ್ಲಿ ಪಾಟೀ ಸವಾಲು ನಡೆಸುತ್ತಿದ್ದುದಾಗಿ ನಿಮ್ಮ ವಕೀಲರೇ ಪ್ರಮಾಣಪತ್ರ ಕೊಡಲಿ, ಆ ಪ್ರಕರಣದ ಅಂದಿನ ಆರ್ಡರ್ ಶೀಟಿನ ನಕಲೂ ಜೊತೆಗಿರಲಿ. ದುರ್ಬಲವೆಂದು ನಾನು ಬದಿಗಿಟ್ಟಿದ್ದ ಅಂಶಕ್ಕೆ ಈ ಉಪಯೋಗ ಮಾತ್ರ ಇದೆ.

ಯಾದಗಿರಿಯ ಮಿತ್ರರು ಹೇಳಿದ ಅಕಾಲಿಕತೆಯ ಅಪಾಯ ನಿಜವಾದದ್ದೇ. ಆದ್ದರಿಂದ ಕೋರಿಕೆಯನ್ನು ಎರಡು ಭಾಗ ಮಾಡಿ: ಆದೇಶ ಹಿಂಪಡೆದು ಅರ್ಜಿಯನ್ನು ಹೊಸದಾಗಿ ಆಲಿಸಬೇಕು ಎಂಬುದು ಮೊದಲನೆಯದು, ಅದು ಸಾಧ್ಯವಿಲ್ಲವೆಂದಾದರೆ ಗಡಿ ಸ್ಪಷ್ಟವಾಗಿದೆ ಎಂಬ ಮಾತನ್ನು ಆದೇಶದಿಂದ ತೆಗೆದು, ಸಾಕ್ಷ್ಯದ ನಂತರ ಮತ್ತೆ ಅರ್ಜಿ ಹಾಕಲು ಅವಕಾಶ ಕಾದಿರಿಸಬೇಕು ಎಂಬುದು ಎರಡನೆಯದು. ಎರಡನೆಯದು ಸಿಕ್ಕರೂ ನಿಮಗೆ ನಷ್ಟವೇನಿಲ್ಲ. ಎರಡನ್ನೂ ನಿರಾಕರಿಸಿದರೆ 227ನೇ ವಿಧಿಯ ಅರ್ಜಿ ಹಾಕಬಹುದು. ಅದಕ್ಕೆ ನಿಗದಿತ ಕಾಲಮಿತಿ ಇಲ್ಲವಾದರೂ ವಿನಾಕಾರಣ ವಿಳಂಬ ಸಲ್ಲದು. ಅದರಲ್ಲಿ ಪ್ರತಿವಾದಿಗಳನ್ನಷ್ಟೇ ಎದುರುದಾರರನ್ನಾಗಿ ಮಾಡಿ, ನ್ಯಾಯಾಧೀಶರನ್ನು ಸೇರಿಸುವ ಅಗತ್ಯವಿಲ್ಲ.

ಇವುಗಳಲ್ಲಿ ಯಾವುದನ್ನು ಸಲ್ಲಿಸಿದರೂ ದಾವೆ ತಾನಾಗಿ ನಿಲ್ಲುವುದಿಲ್ಲ, ಪ್ರತ್ಯೇಕ ತಡೆಯಾಜ್ಞೆ ಬೇಕು. ಹೈಕೋರ್ಟ್ ಕೊಟ್ಟ ತಡೆ ಆರು ತಿಂಗಳಿಗೆ ತಾನಾಗಿ ತೆರವಾಗುತ್ತದೆ ಎಂಬ 2018ರ ನಿಲುವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 29ರಂದು ಕೈಬಿಟ್ಟಿದೆ. ಆದರೂ ನೀವು ವಾದಿಗಳಾದ್ದರಿಂದ ನಿಮ್ಮದೇ ದಾವೆಗೆ ತಡೆ ಕೇಳುವ ಮುನ್ನ ಎರಡು ಸಲ ಯೋಚಿಸಿ. ಒತ್ತುವರಿಯಾದ ಜಾಗದಲ್ಲಿ ಅವರು ಪ್ರತಿ ಮುಂಗಾರಿಗೂ ತೊಗರಿ ಬಿತ್ತುತ್ತಿದ್ದರೆ ವಿಳಂಬದ ಲಾಭ ಅವರಿಗೇ. ತಾಯಿಯವರ ಮುಖ್ಯ ವಿಚಾರಣೆಯ ಪ್ರಮಾಣಪತ್ರವನ್ನು ಮುಂದಿನ ಮುದ್ದತಿಗೆ ಸಿದ್ಧವಾಗಿಡಿ, ಹಿಂಪಡೆಯುವ ಅರ್ಜಿಯನ್ನು ಅದಕ್ಕೂ ಮೊದಲೇ ಸಲ್ಲಿಸಿ, ಅದರ ಪ್ರತಿಯನ್ನು ಪ್ರತಿವಾದಿಗಳ ವಕೀಲರಿಗೆ ಕೊಟ್ಟು ಅಂಚಿನಲ್ಲಿ ಸಹಿ ಹಾಕಿಸಿಕೊಳ್ಳಿ.